ಕಂತಿನ ತಾರೀಖು

ಗದಗ ಜಿಲ್ಲೆಯ ಒಂದು ಪಂಚಾಯಿತಿ ಒಕ್ಕೂಟದಲ್ಲಿ ನಾನು ಸ್ವಸಹಾಯ ಸಂಘಗಳ ಪುಸ್ತಕ ಬರೆಯುತ್ತೇನೆ. ಸ್ವಸಹಾಯ ಸಂಘಗಳಿಗೆ ಸರ್ಕಾರ ನಡೆಸುವ ಸಂಜೀವಿನಿ ಯೋಜನೆಯ ಕಾಗದದಲ್ಲಿ ಮುಖ್ಯ ಪುಸ್ತಕ ಬರಹಗಾರ್ತಿ, ಊರವರ ಬಾಯಲ್ಲಿ ಲೆಕ್ಕದಕ್ಕ. ಯಾರಾದರೂ ಸಣ್ಣ ವ್ಯಾಪಾರಕ್ಕೆ ಸಾಲ ಕೇಳಿದರೆ ಅವರ ಜೊತೆ ಕೂತು ಲೆಕ್ಕ ಮಾಡೋದು ನನ್ನ ಕೆಲಸ.

ಸಭೆಯಲ್ಲಿ ಸಾಲದ ಮೊತ್ತದ ಬಗ್ಗೆ ಗಂಟೆಗಟ್ಟಲೆ ಮಾತು ನಡೆಯುತ್ತದೆ. ಕಂತಿನ ವಿಷಯ ಬಂದಾಗ ಮಾತ್ರ 'ಎಲ್ಲರಿಗೂ ಇದ್ದಂಗ ತಿಂಗಳಾ ತಿಂಗಳಾ ಬರಕೋರಿ' ಅಂತ ಎದ್ದು ಹೋಗುತ್ತಾರೆ. ನನಗೆ ತಲೆನೋವು ಶುರುವಾಗೋದೇ ಅಲ್ಲಿ. ವ್ಯಾಪಾರದ ರೊಕ್ಕ ತಿಂಗಳಾ ತಿಂಗಳಾ ಬರಬೇಕಲ್ವಾ?

ಜೋಳದ ರೊಟ್ಟಿ ಮಾಡುವ ಒಬ್ಬ ಸದಸ್ಯೆ ಬಂದು ರೊಟ್ಟಿ ಯಂತ್ರಕ್ಕೆ ಸಾಲ ಬೇಕು ಅಂದಳು. ಯಂತ್ರದ ಮಾತು ಆಮೇಲೆ, ಮೊದಲು ನಿನಗೆ ಯಾರ‍್ಯಾರು ಎಷ್ಟು ಕೊಡಬೇಕು ಹೇಳು ಅಂದೆ. 'ಅಕ್ಕಾರ, ಖಾನಾವಳಿಯವ್ರು ತಿಂಗಳಾತು, ಇನ್ನೂ ರೊಕ್ಕ ಕೊಟ್ಟಿಲ್ರಿ. ಕೇಳಿದ್ರ ನಾಳೆ ಬಾ ಅಂತಾರ.' ಅವಳ ಬಂಡವಾಳವೆಲ್ಲ ಅಲ್ಲಿ ಉದ್ರಿಯಾಗಿ ಕೂತಿತ್ತು. ಕೈಯಲ್ಲಿ ರೊಕ್ಕ ಇಲ್ಲದ್ದಕ್ಕೆ ಜೋಳವನ್ನು ಕಿರಾಣಿ ಅಂಗಡಿಯಿಂದ ವಾರಕ್ಕಿಷ್ಟು ಅಂತ ಕಿಲೋ ಲೆಕ್ಕದಲ್ಲಿ ತರುತ್ತಿದ್ದಳು, ಅದೂ ಜಾಸ್ತಿ ದರಕ್ಕೆ. ಇಂಥ ಹೊತ್ತಲ್ಲಿ ಯಂತ್ರ ಬಂದರೆ ಉದ್ರಿ ಇನ್ನಷ್ಟು ಬೆಳೆಯುತ್ತಿತ್ತು, ಅಷ್ಟೇ.

ಸಾಲ ಕೊಟ್ಟೆವು, ಆದರೆ ಜೋಳಕ್ಕೆ. ನಮ್ಮ ಕಡೆ ಹಿಂಗಾರಿ ಜೋಳದ ರಾಶಿ ಆಗೋದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ರೈತರ ಕಣದಿಂದಲೇ ಚೀಲಗಟ್ಟಲೆ ಕೊಂಡಳು. ಖಾನಾವಳಿಗೆ ಒಂದು ಸಣ್ಣ ಪುಸ್ತಕ ಇಟ್ಟೆವು: ದಿನಾ ಎಷ್ಟು ರೊಟ್ಟಿ ಕೊಟ್ಟಿದ್ದು ಅಂತ ಬರೆದು ಅವರ ಸಹಿ, ವಾರಕ್ಕೊಮ್ಮೆ ಲೆಕ್ಕ ಚುಕ್ತಾ. ಅವಳ ಸಾಲಕ್ಕೆ ಮೊದಲ ಎರಡು ತಿಂಗಳು ಬರೀ ಬಡ್ಡಿ, ಅಸಲು ಆಮೇಲೆ. ಜಾತ್ರೆ, ಮದುವೆ ಇರುವ ತಿಂಗಳಲ್ಲಿ ಕಡಕ್ ರೊಟ್ಟಿ ಚೆನ್ನಾಗಿ ಹೋಗುತ್ತದೆ, ಆಗ ಕಂತು ದೊಡ್ಡದು. ಒಂದು ಖಾನಾವಳಿ ವಾರದ ಲೆಕ್ಕಕ್ಕೆ ಒಪ್ಪಲಿಲ್ಲ, ಅಲ್ಲಿಗೆ ಕೊಡೋದನ್ನೇ ಬಿಟ್ಟಳು. ಗಿರಾಕಿ ಹೋದರೆ ಹೇಗೆ ಅಂತ ಸಂಘದಲ್ಲಿ ಕೆಲವರು ಬೇಜಾರಾದರು. ರೊಕ್ಕ ಕೊಡದವನು ಎಂಥ ಗಿರಾಕಿ ಅಂತ ನಾನು ಕೇಳಿದೆ.

ಹೊಲಿಗೆ ಮಾಡುವವಳಿಗೆ ಮೇ, ಜೂನ್‌ನಲ್ಲಿ ಶಾಲೆ ಸಮವಸ್ತ್ರದ ಕೆಲಸ, ಆಷಾಢದಲ್ಲಿ ಕೈ ಖಾಲಿ. ಬಕ್ರೀದ್ ಸಂತೆಗೆ ಟಗರು ಮೇಯಿಸುವವಳ ಕೈಗೆ ರೊಕ್ಕ ಬರೋದು ವರ್ಷಕ್ಕೊಂದೇ ಸಲ. ಕಾಯಿಪಲ್ಯೆ ಮಾರುವವಳಿಗೆ ಸಂತೆಯ ಮಾರನೇ ದಿನವೇ ಕಂತು ಕೇಳಬೇಕು, ತಿಂಗಳು ಬಿಟ್ಟರೆ ಮನೆ ಖರ್ಚಿಗೆ ಕರಗಿಹೋಗುತ್ತದೆ.

ಬ್ಯಾಂಕಿನವರು ಇದನ್ನೆಲ್ಲ ಕೇಳ್ತಾರಾ ಅಂತ ಹೊಸಬರು ಅನುಮಾನ ಪಡುತ್ತಾರೆ. ಕೇಳೋದಿಲ್ಲ. ಬ್ಯಾಂಕಿಗೆ ಪ್ರತಿ ತಿಂಗಳು ಕಂತು ಹೋಗಲೇಬೇಕು. ಆದರೆ ಬ್ಯಾಂಕು ಸಾಲ ಕೊಟ್ಟಿದ್ದು ಸಂಘಕ್ಕೆ. ಸಂಘ ತನ್ನ ಸದಸ್ಯರಿಗೆ ಯಾವ ಕಂತು ಇಡುತ್ತದೆ ಅನ್ನೋದು ಸಂಘದ ಠರಾವು. ಕಾಯಿಪಲ್ಯೆಯವಳ ವಾರದ ಕಂತು, ಡೇರಿಗೆ ಹಾಲು ಹಾಕುವವರು ಬಟವಾಡೆಯಲ್ಲಿ ಕಟ್ಟುವ ಕಂತು, ಉಳಿತಾಯದ ರೊಕ್ಕ ಸೇರಿದರೆ ಟಗರಿನವಳು ಏನೂ ಕೊಡದ ತಿಂಗಳಲ್ಲೂ ಬ್ಯಾಂಕಿನ ಕಂತು ತುಂಬುತ್ತದೆ. ಅದಕ್ಕೇ ಒಂದು ಸಂಘದಲ್ಲಿ ಎಲ್ಲರೂ ಟಗರಿಗೇ ಸಾಲ ಕೇಳಿದರೆ ನಾನು ಒಪ್ಪೋದಿಲ್ಲ, ಜಗಳವಾದರೂ ಸರಿ.

ಇದು ನಾವು ಕಂಡುಹಿಡಿದದ್ದೇನಲ್ಲ. 1980ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೋಲಾರದ ಕಡೆ ಕಟ್ಟಿದ ಸಂಘಗಳಲ್ಲೇ ಬಡ್ಡಿ, ಕಂತು ಎಲ್ಲವನ್ನೂ ಸದಸ್ಯರೇ ಕೂತು ತೀರ್ಮಾನಿಸುತ್ತಿದ್ದರು. ಆಮೇಲೆ 1992ರಲ್ಲಿ ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸಿ ನೋಡಿತು. ನಡುವೆ ಎಲ್ಲೋ ನಾವು ಅಚ್ಚು ಹಾಕಿದ ಫಾರಂ ತುಂಬೋದಕ್ಕೆ ಒಗ್ಗಿಬಿಟ್ಟಿದ್ದೇವೆ.

ಬಡ್ಡಿಯ ಬಗ್ಗೆ ಒಂದು ಲೆಕ್ಕ ಎಲ್ಲರಿಗೂ ಹಲಗೆ ಮೇಲೆ ಬರೆದು ತೋರಿಸುತ್ತೇನೆ. 10,000 ರೂಪಾಯಿ ಸಾಲ, ಹತ್ತು ತಿಂಗಳು, ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ, ತಿಂಗಳಿಗೆ 1,000 ಅಸಲು. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ 200, 180, 160 ಅಂತ ಇಳಿಯುತ್ತ ಒಟ್ಟು 1,100 ಆಗುತ್ತದೆ. ಮೊದಲಿನ ಮೊತ್ತದ ಮೇಲೇ ಕೊನೆವರೆಗೂ ಹಾಕಿದರೆ 2,000. ಹೊರಗಿನಿಂದ ಸಾಲ ಕೊಡಲು ಬರುವವರನ್ನು ಈಗ ನಮ್ಮ ಹೆಣ್ಣುಮಕ್ಕಳು ಇದನ್ನೇ ಮೊದಲು ಕೇಳುತ್ತಾರೆ. ಕೆಲವರು ಉತ್ತರ ಕೊಡದೆ ಬೈಕ್ ಹತ್ತಿದ್ದೂ ಇದೆ.

ಹೊರಗಿನವರ ಆ ಸಾಲಗಳನ್ನು ಮುಚ್ಚಿಟ್ಟು ಸಂಘಕ್ಕೆ ಬರುವವರೂ ಇದ್ದಾರೆ. ಸಭೆಯಲ್ಲಿ ಎಲ್ಲರ ಮುಂದೆ ಕೇಳಿದರೆ ಹೇಳೋದಿಲ್ಲ, ಮನೆಗೆ ಹೋಗಿ ಕೇಳಬೇಕು. ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಜಾಸ್ತಿ ಸಾಲದ ಕಂತಿಗೆ ಹೋಗುವ ಹಾಗೆ ಮೈಕ್ರೋಫೈನಾನ್ಸ್ ಸಾಲ ಕೊಡಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ 2022ರ ಏಪ್ರಿಲ್‌ನಿಂದ ಇದೆ. ನನ್ನ ಕೇಳಿದರೆ ಅರ್ಧವೂ ಜಾಸ್ತಿಯೇ. ಮೂರರಲ್ಲಿ ಒಂದು ಪಾಲು ದಾಟಿದರೆ ನಾನು ಹೊಸ ಸಾಲದ ಅರ್ಜಿ ಬರೆಯೋದಿಲ್ಲ.

ಒಂದು ಬ್ಯಾಂಕಿನಲ್ಲಿ ಸಂಘದ ಉಳಿತಾಯ ಖಾತೆಯ ರೊಕ್ಕ ತೆಗೆಯಬೇಡಿ, ಅದು ಸಾಲಕ್ಕೆ ಭದ್ರತೆ ಅಂದರು. 10 ಲಕ್ಷದವರೆಗಿನ ಸಂಘದ ಸಾಲಕ್ಕೆ ಅಡಮಾನ ಕೇಳುವ ಹಾಗಿಲ್ಲ, ಉಳಿತಾಯ ಖಾತೆ ತಡೆಹಿಡಿಯುವ ಹಾಗೂ ಇಲ್ಲ. ಆ ನಿಯಮದ ಸುತ್ತೋಲೆ ಪ್ರಿಂಟ್ ತೆಗೆಸಿಕೊಂಡು ಐದಾರು ಜನ ಒಟ್ಟಿಗೆ ಹೋದೆವು, ಮಾತು ಬದಲಾಯಿತು. ಒಬ್ಬಳೇ ಹೋಗಿದ್ದರೆ ಆಗುತ್ತಿರಲಿಲ್ಲ ಅಂತ ಈಗಲೂ ಅನ್ನಿಸುತ್ತದೆ.

ಕಾಗದಪತ್ರಕ್ಕೆ ಸುಮ್ನೆ ದಲ್ಲಾಳಿಗೆ ರೊಕ್ಕ ಸುರಿಯಬೇಡಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಗೆ ಒಂದು ಪೈಸೆ ಶುಲ್ಕ ಇಲ್ಲ. ಸಣ್ಣ ತಿಂಡಿ ತಯಾರಕರು ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ಮಾಡಿಸುವ ಎಫ್‌ಎಸ್‌ಎಸ್‌ಎಐ ನೋಂದಣಿಗೆ ವರ್ಷಕ್ಕೆ 100 ರೂಪಾಯಿ.

ರೊಟ್ಟಿಯವಳು ಈಗ ಮತ್ತೆ ಯಂತ್ರದ ಮಾತು ತೆಗೆದಿದ್ದಾಳೆ. ಸಣ್ಣ ಆಹಾರ ಉದ್ಯಮ ಅಂತ ಸರ್ಕಾರದ ಸಹಾಯಧನ ಸಿಕ್ಕರೂ ಅದು ಒಂದು ಪಾಲಷ್ಟೇ, ಉಳಿದದ್ದಕ್ಕೆ ಕೈಯ ರೊಕ್ಕ, ಸಾಲ ಬೇಕೇ ಬೇಕು. ದಿನಕ್ಕೆ ಎಷ್ಟು ರೊಟ್ಟಿ ಹೋದರೆ ಕರೆಂಟ್ ಬಿಲ್ಲು, ಇನ್ನೊಬ್ಬಳ ಕೂಲಿ, ಕಂತು ಮೂರೂ ಗಿಟ್ಟುತ್ತವೆ ಅಂತ ಬರೆದುಕೊಂಡು ಬಾ ಅಂದಿದ್ದೇನೆ. ಮಗಳ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾಳಂತೆ, ಮುಂದಿನ ಸಭೆಗೆ ತರುತ್ತಾಳೆ.