ಅಕ್ಕಿ ಚೀಲ, ಲೆಕ್ಕದ ಪುಸ್ತಕ

ಆರು ವರ್ಷ ಪ್ರತಿ ಡಿಸೆಂಬರಿನಲ್ಲೂ ನಮ್ಮ ಚರ್ಚಿನ ಸಭೆಯವರು ಊರಾಚೆಯ ಇಟ್ಟಿಗೆ ಗೂಡಿಗೆ ಹೋಗಿ ಅಕ್ಕಿ, ಕಂಬಳಿ ಹಂಚಿ, ಎರಡು ಹಾಡು ಹಾಡಿ ಬರುತ್ತಿದ್ದೆವು. ಮಾಲೀಕರೇ ಟೀ ಕೊಡಿಸುತ್ತಿದ್ದರು. ಏಳನೇ ವರ್ಷ ರಾಯಚೂರು ಕಡೆಯ ಹೆಂಗಸೊಬ್ಬಳು ಅಕ್ಕಿ ಚೀಲ ಪಕ್ಕಕ್ಕಿಟ್ಟು, ಸೆರಗಿನ ಮರೆಯಿಂದ ಒಂದು ಪುಸ್ತಕ ತೆಗೆದಳು. "ಅಕ್ಕಿ ಇರ್ಲಿ ಪಾಸ್ಟರಪ್ಪಾ, ಇದರಾಗ ಏನ್ ಬರ್ದಾರ ಓದಿ ಹೇಳ್ರಿ."

ಜಿಡ್ಡು ಹತ್ತಿದ ನೂರು ಪುಟದ ನೋಟ್‌ಬುಕ್. ಮೊದಲ ಪುಟದಲ್ಲಿ ಮುಂಗಡ 40,000. ಆಮೇಲೆ ವಾರದ ಖರ್ಚಿಗೆ ಕೊಟ್ಟದ್ದು, ಮಳೆಗೆ ಕರಗಿದ ಹಸಿ ಇಟ್ಟಿಗೆಯ ನಷ್ಟ, ಮಗುವಿನ ಇಂಜೆಕ್ಷನ್. ಗಂಡ ಹೆಂಡತಿ ಎರಡು ಸೀಸನ್ ದುಡಿದ ಮೇಲೆ ಬಾಕಿ 52,000! ಕೂಲಿ ಹಿಡಿದಿಟ್ಟರೆ ಆ ಕೂಲಿಯೇ ಕೂಗುತ್ತದೆ ಎನ್ನುವ, ಬೈಬಲಿನ ಯಾಕೋಬನ ಪತ್ರಿಕೆಯ ಐದನೇ ಅಧ್ಯಾಯದ ಮೇಲೆ ಎಷ್ಟು ಸಲ ಪ್ರಸಂಗ ಮಾಡಿದ್ದೆನೋ. ಆ ಕೂಗನ್ನು ನೀಲಿ ಇಂಕಿನಲ್ಲಿ ಓದಿದ್ದು ಅವತ್ತೇ ಮೊದಲು.

ನಾನು ಮಾಡಿದ ದೊಡ್ಡ ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ನೇರ ಮಾಲೀಕರ ಹತ್ತಿರ ಹೋದೆ. ಕೂತು ಮಾತಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ನಮ್ಮಂಥವರ ರೂಢಿ. ಅವರು ನಗುನಗುತ್ತಾ "ನೋಡೋಣ ಪಾಸ್ಟರೇ" ಅಂದರು. ಬೆಳಗಾಗುವಷ್ಟರಲ್ಲಿ ಪಕ್ಕದ ಶೆಡ್ಡಿನ ಒಂದು ಸಂಸಾರ ಅಲ್ಲಿರಲಿಲ್ಲ. ಬೇರೆ ಗೂಡಿಗೆ ಸಾಗಿಸಿದ್ದರು. ಅವರನ್ನು ಹುಡುಕಲು ಹನ್ನೊಂದು ದಿನ ಹಿಡಿಯಿತು.

ಕಾನೂನು ಓದಿದ್ದು ಆಮೇಲೆ. ಹೊಡೆದು, ಬೀಗ ಹಾಕಿದರೆ ಮಾತ್ರ ಜೀತ ಅಂದುಕೊಂಡಿದ್ದೆ. 1976ರ ಜೀತ ಪದ್ಧತಿ ರದ್ದತಿ ಕಾಯಿದೆ ಹಾಗೆ ಹೇಳುವುದಿಲ್ಲ. ಮುಂಗಡದ ಋಣಕ್ಕೆ ಸಿಕ್ಕಿ ಬೇರೆ ಕಡೆ ಕೆಲಸಕ್ಕೆ ಹೋಗಲಾಗದಿದ್ದರೂ ಅದು ಜೀತವೇ. ಜೀತದ ಸಾಲ ವಜಾ. ಅದು ಜೀತದ ಸಾಲವಲ್ಲ ಎಂದು ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು. ಇದನ್ನು ನೋಟ್‌ಬುಕ್ಕಿನ ಆ ಹೆಂಗಸಿಗೆ ಹೇಳಿದಾಗ ಅವಳು ನಂಬಲಿಲ್ಲ. "ಇಸ್ಕೊಂಡಿದ್ದು ಕೊಡಬೇಕಲ್ರೀ?" ಅವಳ ನಿಯತ್ತೇ ಅವಳ ಸರಪಳಿಯಾಗಿತ್ತು. ಈ ಮಾತಿಗೆ ನನ್ನ ಬಳಿ ಈಗಲೂ ಸರಿಯಾದ ಉತ್ತರ ಇಲ್ಲ. ಎರಡು ಸೀಸನ್ನಿನ ಇಟ್ಟಿಗೆಗೆ ಕನಿಷ್ಠ ಕೂಲಿ ಹಾಕಿ ಲೆಕ್ಕ ಬರೆದು ತೋರಿಸಿದೆ. ಯಾರು ಯಾರಿಗೆ ಕೊಡಬೇಕು ಅನ್ನುವುದು ತಿರುಗಿ ಬಿತ್ತು. ಆಗ ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು.

ಅರ್ಜಿ ಕೊಟ್ಟಿದ್ದು ಉಪವಿಭಾಗಾಧಿಕಾರಿಗೆ. ವಿಚಾರಣೆಗೆ ಬಂದ ಮೊದಲ ಸಿಬ್ಬಂದಿ ಮಾಲೀಕರನ್ನು ಎದುರಿಗೆ ನಿಲ್ಲಿಸಿಕೊಂಡೇ "ಇಲ್ಲಿ ತೊಂದರೆ ಇದೆಯಾ?" ಅಂತ ಕೇಳಿದರು. ಯಾರು ತಾನೇ ಬಾಯಿ ಬಿಡುತ್ತಾರೆ? ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಹೇಳಿಕೆ ಬರೆದುಕೊಳ್ಳಿ ಎಂದು ಮತ್ತೆ ಅರ್ಜಿ ಹಾಕಿದೆವು. ಮೂರನೇ ಸಲಕ್ಕೆ ಹಾಗಾಯಿತು. ನಾಲ್ಕು ಸಂಸಾರಕ್ಕೆ ಬಿಡುಗಡೆ ಪತ್ರ ಸಿಕ್ಕಿತು.

ಸಭೆಯಲ್ಲಿ ಎಲ್ಲರೂ ಖುಷಿಪಡಲಿಲ್ಲ. "ಪಾಸ್ಟರಿಗೆ ಪೊಲಿಟಿಕ್ಸ್ ಯಾಕೆ?" ಅಂದವರಿದ್ದರು. ಕಮಿಟಿ ಮೀಟಿಂಗಿನಲ್ಲಿ ಹಿರಿಯರೊಬ್ಬರು ತಲೆ ತಗ್ಗಿಸಿಕೊಂಡು, ನಮ್ಮ ದೇವಾಲಯದ ಕಾಂಪೌಂಡಿಗೆ ಇಟ್ಟಿಗೆ ಬಂದದ್ದು ಅದೇ ಗೂಡಿನಿಂದ, ಅರ್ಧ ರೇಟಿಗೆ, ಅಂದರು. ಬಿಲ್ಲಿನಲ್ಲಿ ಸಹಿ ನನ್ನದೇ.

ತಕ್ಷಣದ ನೆರವು ಬಂದಿದೆ. ಪುನರ್ವಸತಿಯ ಉಳಿದ ಹಣ ಮಾಲೀಕರ ಮೇಲಿನ ಕೇಸಿನ ತೀರ್ಪಿಗೆ ಕಾಯುತ್ತಿದೆ. ವಾಯಿದೆ ಇದ್ದಾಗ ರಾಯಚೂರಿನಿಂದ ಬರುವ ನಾಲ್ಕು ಸಂಸಾರದ ಬಸ್ ಚಾರ್ಜನ್ನು ಕಾಣಿಕೆ ಹಣದಿಂದ ಕೊಡುತ್ತೇವೆ. ಹೋದ ಸಲವೂ ಮುಂದಕ್ಕೆ ಹೋಯಿತು.