ಬ್ಯಾಂಕ್ ಹರಾಜಿನ ಮನೆ, ಜಾಗ: ಮಂಗಳೂರು, ಉಡುಪಿಯಲ್ಲಿ ಬಿಡ್ ಹಾಕುವ ಮುನ್ನ

ಹರಾಜು ಪ್ರಕಟಣೆ ಕೈಗೆ ಸಿಕ್ಕಾಗ ಕಣ್ಣು ಹೋಗುವುದು ಮೀಸಲು ಬೆಲೆಯ, ಅಂದರೆ ಬಿಡ್ ಶುರುವಾಗುವ ಕನಿಷ್ಠ ಬೆಲೆಯ ಕಡೆಗೆ. ಅದಕ್ಕೂ ಮೊದಲು ಸ್ವಾಧೀನದ ಬಗ್ಗೆ ಏನು ಬರೆದಿದೆ ಎಂದು ಓದಿ. ‘ಸಾಂಕೇತಿಕ ಸ್ವಾಧೀನ’ ಎಂದಿದ್ದರೆ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿ ಬಂದಿದ್ದಾರೆ ಎಂದಷ್ಟೇ ಅರ್ಥ. ಸಾಲಗಾರರ ಸಂಸಾರ ಒಳಗೇ ಇರಬಹುದು. ಅವರನ್ನು ಬಿಡಿಸಲು ಬ್ಯಾಂಕ್ 2002ರ ಸರ್ಫೇಸಿ ಕಾಯ್ದೆಯ (ಸಾಲ ತೀರದಿದ್ದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ಮಾರಲು ಬಿಡುವ ಕಾನೂನು) 14ನೇ ಕಲಮಿನಡಿ ಜಿಲ್ಲಾಧಿಕಾರಿಗೆ ಅಥವಾ ಸಿಜೆಎಂ (ಮುಖ್ಯ ನ್ಯಾಯಿಕ ದಂಡಾಧಿಕಾರಿ) ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಆದೇಶಕ್ಕೆ ಕಾಯ್ದೆ ಕೊಟ್ಟಿರುವ ಗಡುವು 30 ದಿನ, ಕಾರಣ ದಾಖಲಿಸಿದರೆ ಒಟ್ಟು 60 ದಿನ. ಈ ಗಡುವು ಮೀರುವುದು ಸಾಮಾನ್ಯ. ‘ಭೌತಿಕ ಸ್ವಾಧೀನ’ ಎಂದಿದ್ದರೆ ಬೀಗದ ಕೈ ಬ್ಯಾಂಕಿನ ಹತ್ತಿರ ಇದೆ. ಮೊದಲ ಸಲ ಕೊಳ್ಳುವವರು ಇಂಥದ್ದನ್ನೇ ಹುಡುಕುವುದು ಕ್ಷೇಮ, ಬೆಲೆ ಸ್ವಲ್ಪ ಜಾಸ್ತಿಯಾದರೂ ಸರಿ.

ಸರ್ಕಾರಿ ಬ್ಯಾಂಕುಗಳ ಇ-ಹರಾಜು ಪಟ್ಟಿ ಬ್ಯಾಂಕ್‌ನೆಟ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಮೊದಲ ಹರಾಜಿಗೆ 30 ದಿನಗಳ ಪ್ರಕಟಣೆ ಬೇಕು, ಅದು ಕೈಗೂಡದೆ ಮತ್ತೆ ಕರೆದರೆ 15 ದಿನ. ಮೂರು ನಾಲ್ಕು ಸಲ ಕರೆದರೂ ಹೋಗದ ಜಾಗದ ಮೀಸಲು ಬೆಲೆ ಇಳಿದಿರುತ್ತದೆ. ಯಾರೂ ಯಾಕೆ ಕೊಳ್ಳಲಿಲ್ಲ ಎಂದು ತಿಳಿಯದೆ ಅದಕ್ಕೆ ಕೈ ಹಾಕಬೇಡಿ.

ಕಾರಣ ಹೆಚ್ಚಾಗಿ ದಾಖಲೆಯಲ್ಲೇ ಇರುತ್ತದೆ, ಅದರಲ್ಲೂ ನಮ್ಮ ಕರಾವಳಿಯ ದಾಖಲೆಗಳಲ್ಲಿ. ಬೆಂಗಳೂರಿನ ಜಾಗಗಳಿಗೆ ಮಾಡಿದ ಪರಿಶೀಲನಾ ಪಟ್ಟಿ ಹಿಡಿದು ಇಲ್ಲಿ ಜಾಗ ನೋಡಿದರೆ ಸಾಲದು.

ಮೊದಲು ಕುಮ್ಕಿ. ಆವರಣದೊಳಗೆ 40 ಸೆಂಟ್ಸ್ ಕಾಣುತ್ತದೆ, ಆರ್‌ಟಿಸಿಯಲ್ಲಿ (ಪಹಣಿ) ಇರುವುದು 22. ಉಳಿದದ್ದು ಕುಮ್ಕಿ, ಅಂದರೆ ಸರ್ಕಾರಿ ಭೂಮಿ. ಪಕ್ಕದ ಪಟ್ಟಾ ಜಾಗದ ಒಡೆಯರಾದ ವರ್ಗದಾರರಿಗೆ ಅದರಲ್ಲಿ ಸೊಪ್ಪು, ಸೌದೆಯಂಥ ಸವಲತ್ತು ಮಾತ್ರ. ಹರಾಜಿನಲ್ಲಿ ನಿಮಗೆ ಬರುವುದು ಆ 22 ಸೆಂಟ್ಸ್. ಬಾವಿ ಅಥವಾ ಮನೆಯ ಒಂದು ಮೂಲೆ ಕುಮ್ಕಿಯಲ್ಲಿ ಬಿದ್ದಿದೆಯೇ ಎಂದು ಸರ್ವೇಯರ್‌ರಿಂದ ಅಳತೆ ಮಾಡಿಸಿ. ಸರ್ವೆ ನಕ್ಷೆ ತೋರಿಸುವ ದಿಶಾಂಕ್ ಆ್ಯಪ್ ಅಂದಾಜಿಗೆ ಸಾಕು, ಗಡಿಗೆ ಸಾಲದು.

ಮಂಗಳೂರು ಪೇಟೆಯ ಹಳೆಯ ಜಾಗಗಳಲ್ಲಿ ಮೂಲಗೇಣಿ, ಅಂದರೆ ಶಾಶ್ವತ ಗೇಣಿ ಇರುತ್ತದೆ. ಅಡವಿಟ್ಟದ್ದು ಮೂಲಗೇಣಿ ಹಕ್ಕಾದರೆ ನಿಮಗೆ ಸಿಗುವುದೂ ಅದೇ. ಮೂಲಿ ಹಕ್ಕು, ಅಂದರೆ ಜಾಗದ ಒಡೆತನ, ಇನ್ನೊಬ್ಬರಲ್ಲಿ ಇದೆಯೇ ಎಂದು ಹಳೆಯ ದಸ್ತಾವೇಜು ಓದಿಯೇ ತಿಳಿಯಬೇಕು. ಅಳಿಯಕಟ್ಟಿನ (ಹೆಣ್ಣಿನ ಕಡೆಯಿಂದ ಆಸ್ತಿ ಬರುವ ಪದ್ಧತಿ) ಕುಟುಂಬದ ಆಸ್ತಿಯಾದರೆ ಪಾಲುಪಟ್ಟಿ ತರಿಸಿ, ಹಕ್ಕುದಾರರೆಲ್ಲರ ಸಹಿ ಇದೆಯೇ ನೋಡಿ. ಬಿಟ್ಟುಹೋದ ಒಬ್ಬ ಪಾಲುದಾರ ದಾವೆ ಹೂಡಿದರೂ ವರ್ಷಗಟ್ಟಲೆ ತೂಗಾಡಬೇಕಾಗುತ್ತದೆ. ಅದೇ ಪಾಲುಪಟ್ಟಿಯಲ್ಲಿ ದಾರಿ ಹಕ್ಕನ್ನೂ ಹುಡುಕಿ. ಅಣ್ಣನ ಅಂಗಳದ ಮೂಲಕ ತಮ್ಮನ ಮನೆಗೆ ಹೋಗುವ ದಾರಿ ತಮ್ಮನಿದ್ದಷ್ಟು ದಿನ ತೆರೆದಿರುತ್ತದೆ. ಹೊರಗಿನವರು ಕೊಂಡ ಮರುದಿನ ಅಲ್ಲಿ ಗೇಟು ಬರಬಹುದು.

ತೆಂಗು, ಅಡಿಕೆ ತೋಟದ ಜತೆಗಿನ ಮನೆಗೆ ಇನ್ನೊಂದು ಪರೀಕ್ಷೆ. ಕೃಷಿ ಭೂಮಿಗೆ ಸರ್ಫೇಸಿ ಅನ್ವಯಿಸುವುದಿಲ್ಲ (31ನೇ ಕಲಂ). ಎಷ್ಟು ಸೆಂಟ್ಸ್ ಕನ್ವರ್ಶನ್ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿದೆ ಎಂದು ಆದೇಶದ ಪ್ರತಿಯಲ್ಲೇ ನೋಡಿ. ನೇತ್ರಾವತಿ, ಗುರುಪುರ, ಸ್ವರ್ಣಾ ಹೊಳೆಗಳ ಅಳಿವೆ ಬದಿಯ ಜಾಗಗಳಿಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿರ್ಬಂಧ ಇರಬಹುದು. ಕೆಡವಿ ಹೊಸದಾಗಿ ಕಟ್ಟುವ ಯೋಚನೆ ಇದ್ದರೆ ಇದನ್ನು ಮೊದಲೇ ಕೇಳಿ.

ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ (ಋಣಭಾರ ಪತ್ರ) ತೆಗೆಯುವಾಗ 30 ವರ್ಷದ್ದು ಬೇಕು. ಆನ್‌ಲೈನ್‌ನಲ್ಲಿ ಸಿಗದ ಹಳೆಯ ವರ್ಷಗಳಿಗೆ ಉಪನೋಂದಣಿ ಕಚೇರಿಗೇ ಹೋಗಬೇಕು. ಬ್ಯಾಂಕುಗಳ ತವರಾದ ಈ ಊರುಗಳಲ್ಲಿ ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಬ್ಯಾಂಕುಗಳ ಹೆಸರಿನ ಹಳೆಯ ಅಡಮಾನ ಇಸಿಯಲ್ಲಿ ಹಾಗೆಯೇ ಉಳಿದಿರುವುದುಂಟು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ ಸೇರಿತು. ಆ ಹಳೆಯ ಸಾಲ ತೀರಿದ್ದರೆ ಖುಲಾಸೆ ಪತ್ರ ಕೊಡಬೇಕಾದವರು ಈಗಿನ ಬ್ಯಾಂಕಿನವರು.

ಸಾಲಗಾರರು ಹರಾಜನ್ನು ಪ್ರಶ್ನಿಸಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಿದ್ದಾರೆಯೇ? ನಮ್ಮೆರಡು ಜಿಲ್ಲೆಗಳ ಪ್ರಕರಣ ಬೆಂಗಳೂರಿನಲ್ಲಿ ನಡೆಯುತ್ತದೆ. ಹರಾಜು ನಡೆಸುವ ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಪತ್ರ ಬರೆದು ಲಿಖಿತ ಉತ್ತರ ಪಡೆಯಿರಿ. ಬಾಯಿಮಾತಿನ ಭರವಸೆ ಮುಂದೆ ಕೆಲಸಕ್ಕೆ ಬರುವುದಿಲ್ಲ.

ಜಾಗವನ್ನು ಮಳೆಗಾಲದಲ್ಲಿ ನೋಡಿದರೆ ಅರ್ಧ ತನಿಖೆ ಮುಗಿದಂತೆ. ಎರಡು ಮೂರು ಮಳೆಗಾಲ ಬೀಗ ಹಾಕಿದ್ದ ಹಂಚಿನ ಮನೆಯಲ್ಲಿ ಒಂದು ಹಂಚು ಜಾರಿದ್ದರೂ ಸಾಕು, ನೀರಿಳಿದು ಮಾಡಿನ ಮರದ ಪಕ್ಕಾಸಿಗೆ ಗೆದ್ದಲು ಹತ್ತಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಪಕ್ಕಾಸಿನ ಗೋಡೆಯ ತುದಿಯನ್ನು ಚುಚ್ಚಿ. ಸಲೀಸಾಗಿ ಒಳಹೋದರೆ ಮಾಡು ಪೂರ್ತಿ ಇಳಿಸುವ ಖರ್ಚು ಲೆಕ್ಕಕ್ಕೆ ಸೇರಿಸಿ. ಸುರತ್ಕಲ್, ಮಲ್ಪೆಯಂಥ ಕಡಲ ಬದಿಯ ಫ್ಲ್ಯಾಟ್‌ಗಳಲ್ಲಿ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಊದುತ್ತದೆ, ಬಾಲ್ಕನಿಯ ಅಡಿಯಲ್ಲಿ ಕಾಂಕ್ರೀಟ್ ಸಿಪ್ಪೆ ಏಳುತ್ತದೆ.

ಮಾರಾಟ ‘ಇದ್ದಲ್ಲಿ ಇದ್ದಂತೆ’ ನಡೆಯುವುದರಿಂದ ಮನೆ ತೆರಿಗೆ, ನೀರು, ಅಪಾರ್ಟ್‌ಮೆಂಟ್ ಸಂಘದ ಬಾಕಿಗಳ ಲೆಕ್ಕ ಮೊದಲೇ ತೆಗೆಯಿರಿ. ಕರೆಂಟ್ ಬಾಕಿಯನ್ನು ಮೆಸ್ಕಾಂ ಕಚೇರಿಯಲ್ಲಿ ಕೇಳಿ: ನಿಯಮದಲ್ಲಿ ಅವಕಾಶವಿದ್ದರೆ, ಹಳೆಯ ಬಾಕಿ ಕಟ್ಟದೆ ಹೊಸ ಮಾಲೀಕರಿಗೆ ಸಂಪರ್ಕ ಇಲ್ಲ ಎನ್ನಬಹುದು ಎಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಹೇಳಿದೆ.

ಹಣದ ಲೆಕ್ಕ ಹೀಗೆ. ಮೀಸಲು ಬೆಲೆ 60 ಲಕ್ಷ ಇದ್ದರೆ ಮುಂಗಡ ಠೇವಣಿ ಸಾಮಾನ್ಯವಾಗಿ ಶೇ 10, ಅಂದರೆ 6 ಲಕ್ಷ. 64 ಲಕ್ಷಕ್ಕೆ ನಿಮ್ಮ ಹೆಸರಿಗೆ ನಿಂತಿತು ಎನ್ನಿ. ಮೊದಲು ಕಟ್ಟಬೇಕಾದ ಶೇ 25 ಎಂದರೆ 16 ಲಕ್ಷ. ಠೇವಣಿ ಕಳೆದು 10 ಲಕ್ಷವನ್ನು ಅದೇ ದಿನ, ತಡವೆಂದರೆ ಮರು ಕೆಲಸದ ದಿನ ಕಟ್ಟಬೇಕು. ಉಳಿದ 48 ಲಕ್ಷಕ್ಕೆ ಮಾರಾಟ ದೃಢೀಕರಣದಿಂದ 15 ದಿನ. ಲಿಖಿತ ಒಪ್ಪಿಗೆ ಇದ್ದರೆ ಹೆಚ್ಚೆಂದರೆ 3 ತಿಂಗಳು. ತಪ್ಪಿದರೆ ಕಟ್ಟಿದ 16 ಲಕ್ಷ ಮುಟ್ಟುಗೋಲು. ಹೆಚ್ಚಿನವರು ಎಡವುವುದು ಇಲ್ಲೇ: ಹರಾಜಿನ ನಂತರ ಗೃಹಸಾಲಕ್ಕೆ ಓಡಾಡುತ್ತಾರೆ, 15 ದಿನದಲ್ಲಿ ಕಾನೂನು ಅಭಿಪ್ರಾಯವೇ ಬಂದಿರುವುದಿಲ್ಲ. ಸಾಲದ ಮಂಜೂರಾತಿ ಬಿಡ್‌ಗಿಂತ ಮೊದಲೇ ಕೈಯಲ್ಲಿರಲಿ.

ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಶೇ 1 ಟಿಡಿಎಸ್ ಮುರಿದು ಸಾಲಗಾರರ ಪ್ಯಾನ್‌ಗೆ ಕಟ್ಟಬೇಕು. ಈ ಲೆಕ್ಕದಲ್ಲಿ 64,000 ರೂಪಾಯಿ. ಪ್ಯಾನ್ ಸಂಖ್ಯೆಯನ್ನು ಬ್ಯಾಂಕಿನಿಂದ ಮೊದಲೇ ಕೇಳಿ, ಇಲ್ಲದಿದ್ದರೆ ದರ ಶೇ 20ಕ್ಕೆ ಏರುತ್ತದೆ. ನಗರದಲ್ಲಿ ಮುದ್ರಾಂಕ ಶುಲ್ಕ, ಸೆಸ್ ಸೇರಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಒಟ್ಟು 4,86,400 ರೂಪಾಯಿ.

ಬ್ಯಾಂಕ್ ಕೊಡುವ ಸೇಲ್ ಸರ್ಟಿಫಿಕೇಟ್ ಜತೆಗೆ ಮೂಲ ದಸ್ತಾವೇಜುಗಳನ್ನು ಪಟ್ಟಿ ಮಾಡಿಸಿ, ಸಹಿ ಹಾಕಿಸಿ ಪಡೆಯಿರಿ. ನೋಂದಣಿಯ ಬೆನ್ನಿಗೇ ಖಾತೆ ಬದಲಾಯಿಸಿ. ಬ್ಯಾಂಕ್ ಸೆರ್ಸಾಯ್‌ನಲ್ಲಿ (ಅಡಮಾನಗಳ ಕೇಂದ್ರ ದಾಖಲೆ) ತನ್ನ ಹಕ್ಕು ತೀರಿದೆ ಎಂದು ದಾಖಲಿಸಿದೆಯೇ, ಆರ್‌ಟಿಸಿಯ 11ನೇ ಕಾಲಮಿನಿಂದ ಸಾಲದ ನಮೂದು ಹೋಗಿದೆಯೇ ನೋಡಿ. ಮಾರುವ ಉದ್ದೇಶ ಇದ್ದರಂತೂ ಇದನ್ನು ಮುಂದೂಡಬೇಡಿ. ಹಳೆಯ ಅಡಮಾನ ಇಸಿಯಲ್ಲಿ ಕಂಡರೆ ಮುಂದಿನ ಗಿರಾಕಿಗೆ ಗೃಹಸಾಲ ಸಿಗುವುದಿಲ್ಲ, ಆಗ ನೀವೂ ನಗದು ಕೊಡುವವರು ಕೇಳಿದ ಬೆಲೆಗೇ ಬಿಡಬೇಕಾಗುತ್ತದೆ. 24 ತಿಂಗಳು ದಾಟಿದ ಮೇಲೆ ಮಾರಿದರೆ ಲಾಭದ ಮೇಲೆ ಶೇ 12.5 ತೆರಿಗೆ, ಅದಕ್ಕಿಂತ ಮೊದಲಾದರೆ ನಿಮ್ಮ ಆದಾಯದ ಸ್ಲ್ಯಾಬ್ ದರ.