ಮೊದಲು ಟೈರ್, ಆಮೇಲೆ ಸ್ಪ್ರಿಂಗ್: ಹಾಟ್ ಹ್ಯಾಚ್ ಕಾರನ್ನು ಹವ್ಯಾಸಿ ಸ್ಪರ್ಧೆಗೆ ಅಣಿಗೊಳಿಸುವ ಬಗೆ

ಹಾಟ್ ಹ್ಯಾಚ್, ಅಂದರೆ ಬಲವಾದ ಎಂಜಿನ್ನಿನ ಚಿಕ್ಕ ಹ್ಯಾಚ್‌ಬ್ಯಾಕ್ ಕಾರು ಕೊಂಡವರು ಹವ್ಯಾಸಿ ಸ್ಪರ್ಧೆಗೆ ಇಳಿಯುವ ಮನಸ್ಸು ಮಾಡಿದೊಡನೆ ಸಾಮಾನ್ಯವಾಗಿ ಕೈಹಾಕುವುದು ಕಾರಿನ ಎತ್ತರಕ್ಕೆ. ಗಿಡ್ಡ ಸ್ಪ್ರಿಂಗ್ ಹಾಕಿಸಿ, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರದಷ್ಟು ತಗ್ಗಿಸಿ ಟ್ರ್ಯಾಕಿಗೆ ಒಯ್ಯುತ್ತಾರೆ. ನೋಟಕ್ಕೆ ರೇಸ್ ಕಾರೇ. ಆದರೆ ಎಷ್ಟೋ ಸಲ ಅದೇ ಕಾರು ತಿರುವಿನಲ್ಲಿ ಮೊದಲಿಗಿಂತ ಹೆಚ್ಚಾಗಿ ಹೊರಕ್ಕೆ ಸರಿಯುತ್ತದೆ. ಕೆಲಸದ ಕ್ರಮವೇ ಹಿಂದುಮುಂದಾದರೆ ಹೀಗಾಗುತ್ತದೆ. ಟೈರ್ ಮೊದಲು, ಚಕ್ರದ ಕೋನಗಳು ಎರಡನೆಯದು, ಶಾಕ್ ಅಬ್ಸಾರ್ಬರ್, ಸ್ಪ್ರಿಂಗುಗಳು ಆಮೇಲೆ. ಈ ಕ್ರಮದಲ್ಲಿ ಹೋದರೆ ಖರ್ಚೂ ಕಡಿಮೆ, ಕಲಿಕೆಯೂ ಹೆಚ್ಚು.

ಹಾಟ್ ಹ್ಯಾಚ್‌ಗಳಲ್ಲಿ ಹೆಚ್ಚಿನವು ಮುಂಚಕ್ರ ಚಾಲನೆಯವು. ಎಂಜಿನ್, ಗೇರ್‌ಬಾಕ್ಸ್ ಎರಡೂ ಮುಂದೆಯೇ ಇರುವುದರಿಂದ ಒಟ್ಟು ತೂಕದ ಶೇ 60ಕ್ಕೂ ಹೆಚ್ಚು ಪಾಲು ಮುಂದಿನ ಎರಡು ಟೈರುಗಳ ಮೇಲೆ ಬೀಳುತ್ತದೆ. ಕಾರನ್ನು ತಿರುಗಿಸುವುದು, ಎಳೆಯುವುದು, ಬ್ರೇಕ್ ಹಾಕಿದಾಗ ತಡೆಯುವುದರ ಬಹುಪಾಲು, ಎಲ್ಲವೂ ಅವುಗಳದೇ ಕೆಲಸ. ಮುಂದೆ ವಿವರಿಸುವ ಪ್ರತಿಯೊಂದು ಬದಲಾವಣೆಯ ಉದ್ದೇಶವೂ ಈ ಎರಡು ಟೈರುಗಳ ಹೊರೆಯನ್ನು ಇಳಿಸುವುದೇ.

ಪಾನಾ ಹಿಡಿಯುವ ಮೊದಲು

ನೀವು ಸ್ಪರ್ಧಿಸಬೇಕೆಂದಿರುವ ವರ್ಗದ ನಿಯಮಾವಳಿಯನ್ನು ಪೂರ್ತಿ ಓದಿ. ಕೆಲವು ವರ್ಗಗಳಲ್ಲಿ ಶಾಕ್ ಅಬ್ಸಾರ್ಬರ್ ಬದಲಿಸಬಹುದು, ಸ್ಪ್ರಿಂಗ್ ಬದಲಿಸುವಂತಿಲ್ಲ. ಕೆಲವು ಕಡೆ ಟೈರಿನ ಟ್ರೆಡ್‌ವೇರ್ ಸಂಖ್ಯೆ (ಸವೆತ ತಡೆಯುವ ಗುಣದ ಅಳತೆ; ಕಡಿಮೆಯಿದ್ದಷ್ಟೂ ರಬ್ಬರ್ ಮೃದು) 200ಕ್ಕಿಂತ ಕಡಿಮೆ ಇರಬಾರದು. ತಪ್ಪು ಭಾಗವೊಂದನ್ನು ಹಾಕಿಸಿಕೊಂಡರೆ ನಿಮ್ಮ ಕಾರು ನಿಮಗಿಂತ ಬಹಳ ಬಲವಾದ ಕಾರುಗಳ ಗುಂಪಿಗೆ ಸೇರಿಬಿಡುತ್ತದೆ.

ಆಮೇಲೆ ಕಾರನ್ನು ಜಾಕ್ ಮೇಲೆತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ಕೂರಿಸಿ. ಚಕ್ರದ ಮೇಲ್ತುದಿ ಮತ್ತು ಕೆಳತುದಿಯನ್ನು ಹಿಡಿದು ಅಲುಗಾಡಿಸಿ. ಸಡಿಲವಿದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ಎಡ ಬಲ ತುದಿಗಳನ್ನು ಹಿಡಿದು ಅಲುಗಾಡಿಸಿದಾಗ ಮಾತ್ರ ಸಡಿಲ ಕಂಡರೆ ಸ್ಟೀರಿಂಗಿನ ಟೈ ರಾಡ್ ತುದಿ ನೋಡಿ. ಚಕ್ರವನ್ನು ಒಡಲಿಗೆ ಜೋಡಿಸುವ ಕೆಳತೋಳಿನ ಕೀಲುಗಳಲ್ಲಿರುವ ಬುಷ್‌ಗಳ ರಬ್ಬರ್ ಬಿರಿದಿದೆಯೇ, ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಒಸರಿದೆಯೇ, ಸ್ಟ್ರಟ್ಟಿನ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಂಬದ) ಮೇಲ್ಭಾಗದ ಮೌಂಟ್ ಕಟಕಟ ಸದ್ದು ಮಾಡುತ್ತಿದೆಯೇ ಎಂದೂ ಪರೀಕ್ಷಿಸಿ. ಸವೆದ ಬುಷ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಮೊದಲ ಬ್ರೇಕಿಗೇ ಆ ಅಳತೆಗಳೆಲ್ಲ ಕದಲುತ್ತವೆ. ಹೊಸ ಬುಷ್ ಹಾಕಿದಾಗ ಅದರ ಬೋಲ್ಟನ್ನು ಕಾರು ನೆಲದ ಮೇಲೆ ನಿಲ್ಲುವ ಎತ್ತರದಲ್ಲಿಯೇ ಬಿಗಿಯಬೇಕು. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಟೈರ್ ಮತ್ತು ಗಾಳಿ

ಬಿಡಿಭಾಗಗಳಲ್ಲಿ ಒಂದಕ್ಕೆ ಮಾತ್ರ ಹಣ ಹಾಕಲು ಸಾಧ್ಯವೆಂದರೆ ಟೈರಿಗೆ ಹಾಕಿ. ಟ್ರೆಡ್‌ವೇರ್ 200ರ ಆಸುಪಾಸಿನ ಟೈರ್ ಹೊಸಬರಿಗೆ ಒಳ್ಳೆಯ ಆಯ್ಕೆ. ರಸ್ತೆಯಲ್ಲೂ ನಡೆಯುತ್ತದೆ, ಬಿಸಿಯನ್ನೂ ತಡೆಯುತ್ತದೆ. ಗೀರುಗಳು ತೀರಾ ಕಡಿಮೆಯಿರುವ ಸೆಮಿ ಸ್ಲಿಕ್ ಟೈರ್ ಇನ್ನೂ ಹೆಚ್ಚು ಹಿಡಿತ ಕೊಡುತ್ತದೆ, ಆದರೆ ತಣ್ಣಗಿರುವಾಗ ಮತ್ತು ನಿಂತ ನೀರಿನ ಮೇಲೆ ಅದನ್ನು ನಂಬುವಂತಿಲ್ಲ. ಕೊಳ್ಳುವಾಗ ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ತಯಾರಿಕಾ ಸಂಖ್ಯೆ ನೋಡಿ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಹಳೆಯ ಟೈರಿನ ಗೀರುಗಳು ಎಷ್ಟೇ ಆಳವಾಗಿರಲಿ, ಗಟ್ಟಿಯಾದ ರಬ್ಬರ್ ಹಿಡಿತ ಕೊಡುವುದಿಲ್ಲ.

ಇನ್ನು ಗಾಳಿಯ ಒತ್ತಡ. ಖರ್ಚೇ ಇಲ್ಲದ ಈ ಒಂದು ಹೊಂದಾಣಿಕೆಯಿಂದ ಸಿಗುವಷ್ಟು ಲಾಭ ದುಬಾರಿ ಭಾಗಗಳಿಂದಲೂ ಸಿಗುವುದು ಕಷ್ಟ ಎಂಬುದು ನನ್ನ ದೃಢವಾದ ಅಭಿಪ್ರಾಯ. ಟೈರ್ ಬಿಸಿಯಾದಂತೆ ಒಳಗಿನ ಗಾಳಿಯ ಒತ್ತಡ ಏರುತ್ತದೆ. ಸುಮಾರು 5ರಿಂದ 6 ಡಿಗ್ರಿ ಸೆಲ್ಸಿಯಸ್‌ಗೆ 1 ಪಿಎಸ್‌ಐ ಎಂದು ಲೆಕ್ಕ ಹಿಡಿಯಬಹುದು. ರಸ್ತೆಗೆಂದು 33 ಪಿಎಸ್‌ಐ ತುಂಬಿಸಿದ ಮುಂಟೈರ್ ಕೆಲವು ಬಿರುಸಿನ ಸುತ್ತುಗಳ ನಂತರ 40 ದಾಟಿರುತ್ತದೆ. ಆಗ ಅದು ನಡುಭಾಗದಲ್ಲಿ ಉಬ್ಬಿ, ನೆಲಕ್ಕೆ ತಾಗುವ ಅಗಲ ಕಡಿಮೆಯಾಗಿ, ಜಾರತೊಡಗುತ್ತದೆ. ಆದ್ದರಿಂದ ಸ್ಪರ್ಧೆಯಲ್ಲಿ ಮುಖ್ಯವಾದದ್ದು ಬಿಸಿ ಒತ್ತಡ, ತಣ್ಣನೆಯ ಒತ್ತಡವಲ್ಲ.

ವಿಧಾನ ಹೀಗಿದೆ. ಮುಂದಿನ ಟೈರುಗಳಿಗೆ ತಣ್ಣಗಿರುವಾಗ 27ರಿಂದ 28 ಪಿಎಸ್‌ಐ ಇಟ್ಟು ಹೊರಡಿ. ಮೂರು ನಾಲ್ಕು ಸುತ್ತು ಪೂರ್ಣ ವೇಗದಲ್ಲಿ ಓಡಿಸಿ, ಪಿಟ್‌ಗೆ ಬಂದ ತಕ್ಷಣ ಅಳೆಯಿರಿ. ಮಧ್ಯಮ ತೂಕದ ಹ್ಯಾಚ್‌ಬ್ಯಾಕಿಗೆ ಬಿಸಿಯಲ್ಲಿ 32ರಿಂದ 36ರ ನಡುವೆ ಎಲ್ಲೋ ಒಂದು ಕಡೆ ಸರಿಯಾದ ಬಿಂದು ಇರುತ್ತದೆ. ಟೈರ್ ತಯಾರಕರು ತಮ್ಮದೇ ಸಂಖ್ಯೆ ಹೇಳಿದ್ದರೆ ಅದನ್ನೇ ಅನುಸರಿಸಿ. ಹೆಚ್ಚಾಗಿದ್ದರೆ ಗಾಳಿ ಬಿಟ್ಟು ಗುರಿಗೆ ತನ್ನಿ. ಪ್ರದಕ್ಷಿಣೆಯ ದಿಕ್ಕಿನಲ್ಲಿ ಓಡುವ ಟ್ರ್ಯಾಕಿನಲ್ಲಿ ಬಲ ತಿರುವುಗಳೇ ಹೆಚ್ಚಾದ್ದರಿಂದ ಎಡಗಡೆಯ ಟೈರುಗಳು ಹೆಚ್ಚು ಕಾಯುತ್ತವೆ. ಬಿಸಿಯಲ್ಲಿ ಎರಡೂ ಬದಿ ಸಮವಾಗಬೇಕಾದರೆ ಎಡಗಡೆ ತಣ್ಣನೆಯ ಒತ್ತಡವನ್ನು ತುಸು ಕಡಿಮೆ ಇಟ್ಟೇ ಹೊರಡಬೇಕು. ಹಿಂದಿನ ಟೈರುಗಳು ಅಷ್ಟು ಕಾಯುವುದಿಲ್ಲ, ಅವುಗಳ ಏರಿಕೆ ಕಡಿಮೆ. ಆಟೋಕ್ರಾಸ್‌ನಂಥ ಒಂದೆರಡು ನಿಮಿಷದ ಓಟದಲ್ಲಿ ಯಾವ ಟೈರೂ ಪೂರ್ತಿ ಕಾಯುವಷ್ಟು ಸಮಯವಿರುವುದಿಲ್ಲ. ಅಲ್ಲಿ ಹೊರಡುವಾಗಲೇ ಗುರಿಯ ಸಮೀಪದ ಒತ್ತಡ ಇರಲಿ.

ಒತ್ತಡ ಸರಿಯಿದೆಯೇ ಎಂದು ತಿಳಿಯಲು ಅತಿ ಸುಲಭ ಉಪಾಯ ಸೀಮೆಸುಣ್ಣ. ಟೈರಿನ ಹೊರ ಅಂಚಿನಿಂದ ಪಕ್ಕದ ಗೋಡೆಯವರೆಗೆ ಅಡ್ಡಲಾಗಿ ಗೆರೆ ಎಳೆದು ಓಡಿಸಿ ಬನ್ನಿ. ಅನೇಕ ಟೈರುಗಳ ಅಂಚಿನಲ್ಲಿ ಚಿಕ್ಕ ತ್ರಿಕೋನದ ಗುರುತು ಇರುತ್ತದೆ. ಗೆರೆ ಅಲ್ಲಿಯವರೆಗೆ ಅಳಿಸಿದ್ದರೆ ಸರಿ. ಅದನ್ನು ದಾಟಿ ಪಕ್ಕಕ್ಕೆ ಇಳಿದಿದ್ದರೆ ಟೈರ್ ಮಡಚಿಕೊಳ್ಳುತ್ತಿದೆ, ಅಂದರೆ ಗಾಳಿ ಕಡಿಮೆ ಅಥವಾ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿಯ ಒಳವಾಲು) ಸಾಲದು.

ಇನ್ನಷ್ಟು ನಿಖರತೆ ಬೇಕಿದ್ದರೆ ಟೈರಿನ ಬಿಸಿ ಅಳೆಯುವ, ಸೂಜಿ ಇರುವ ಪೈರೋಮೀಟರ್ ಕೊಳ್ಳಿ. ದೂರದಿಂದ ತೋರಿಸುವ ಇನ್‌ಫ್ರಾರೆಡ್ ಮಾಪಕ ಮೇಲ್ಮೈಯ ಬಿಸಿಯನ್ನಷ್ಟೇ ಓದುತ್ತದೆ, ಆ ಬಿಸಿ ಪಿಟ್ ತಲುಪುವಷ್ಟರಲ್ಲಿ ಆರಿರುತ್ತದೆ. ಟೈರಿನ ಒಳ ಅಂಚು, ನಡು, ಹೊರ ಅಂಚು, ಮೂರೂ ಕಡೆ ಸೂಜಿ ಚುಚ್ಚಿ ಬರೆದುಕೊಳ್ಳಿ. ನಡುಭಾಗ ಎರಡೂ ಅಂಚುಗಳ ಸರಾಸರಿಗಿಂತ ಬಿಸಿಯಿದ್ದರೆ ಗಾಳಿ ಹೆಚ್ಚು, ತಣ್ಣಗಿದ್ದರೆ ಕಡಿಮೆ. ಒಳ ಅಂಚು ಹೊರ ಅಂಚಿಗಿಂತ 5ರಿಂದ 10 ಡಿಗ್ರಿ ಹೆಚ್ಚಿರುವುದು ಒಳ್ಳೆಯ ಲಕ್ಷಣ. ಹೊರ ಅಂಚೇ ಹೆಚ್ಚು ಬಿಸಿಯಿದ್ದರೆ ಮುಂದಿನ ಹೆಜ್ಜೆ ಕ್ಯಾಂಬರ್.

ಚಕ್ರದ ಕೋನಗಳು

ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದು ನೆಗೆಟಿವ್ ಕ್ಯಾಂಬರ್. ತಿರುವಿನಲ್ಲಿ ಕಾರಿನ ಒಡಲು ಹೊರಕ್ಕೆ ವಾಲುತ್ತದೆ, ಅದರೊಂದಿಗೆ ಹೊರಬದಿಯ ಚಕ್ರವೂ ವಾಲಿ ಟೈರಿನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಬಹುತೇಕ ಹ್ಯಾಚ್‌ಬ್ಯಾಕ್‌ಗಳ ಮುಂದೆ ಇರುವ ಮ್ಯಾಕ್‌ಫರ್ಸನ್ ಸ್ಟ್ರಟ್ ಈ ವಾಲುವಿಕೆಯನ್ನು ತಾನಾಗಿ ಸರಿಪಡಿಸುವುದು ತೀರಾ ಕಡಿಮೆ. ಹೀಗಾಗಿ ನಿಂತಿರುವಾಗಲೇ ಚಕ್ರವನ್ನು ಒಳಕ್ಕೆ ವಾಲಿಸಿಟ್ಟರೆ ತಿರುವಿನಲ್ಲಿ ಟೈರ್ ನೆಲಕ್ಕೆ ಸಪಾಟಾಗಿ ಕೂರುತ್ತದೆ. ವಾರವೆಲ್ಲ ರಸ್ತೆಯಲ್ಲಿ ಓಡುವ ಕಾರಿಗೆ ಮುಂದೆ 1.5ರಿಂದ 2 ಡಿಗ್ರಿ, ಹೆಚ್ಚಾಗಿ ಟ್ರ್ಯಾಕಿಗೇ ಹೋಗುವ ಕಾರಿಗೆ 2.5ರಿಂದ 3 ಡಿಗ್ರಿ ನೆಗೆಟಿವ್ ಕ್ಯಾಂಬರ್ ಒಳ್ಳೆಯ ಆರಂಭ. ಸ್ಟ್ರಟ್ಟಿನ ಕೆಳಗೆ ಹಾಕುವ ಕ್ಯಾಂಬರ್ ಬೋಲ್ಟಿನಿಂದ ಸುಮಾರು ಒಂದು ಡಿಗ್ರಿಯಷ್ಟು ಸಿಗುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಮೇಲ್ಭಾಗದ ಕ್ಯಾಂಬರ್ ಪ್ಲೇಟ್ ಬೇಕು.

ಕ್ಯಾಂಬರ್ ಬದಲಿಸಿದಾಗ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ ಕೂಡ ಬದಲಾಗುತ್ತದೆ. ಆದ್ದರಿಂದ ಟೋ ಹೊಂದಿಸುವುದು ಯಾವಾಗಲೂ ಕೊನೆಯ ಕೆಲಸ. ಮುಂಚಕ್ರ ಚಾಲನೆಯ ಕಾರಿನಲ್ಲಿ ಎಂಜಿನ್ನಿನ ಎಳೆತಕ್ಕೆ ಬುಷ್‌ಗಳು ಬಾಗಿ ಮುಂಚಕ್ರಗಳು ಒಳಮುಖವಾಗುತ್ತವೆ. ಅದಕ್ಕೆ ಪರಿಹಾರವಾಗಿ ಮುಂದೆ ಒಟ್ಟು 1ರಿಂದ 2 ಮಿಲಿಮೀಟರ್ ಟೋ ಔಟ್ (ಹೊರಮುಖ) ಕೊಡಿ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗತೊಡಗುತ್ತದೆ. ಅತಿಯಾದರೆ ನೇರ ರಸ್ತೆಯಲ್ಲಿ ಕಾರು ಅತ್ತಿತ್ತ ಎಳೆಯುತ್ತದೆ, ಟೈರಿನ ಒಳ ಅಂಚು ಸವೆದುಹೋಗುತ್ತದೆ. ಒಳ ಅಂಚಿನ ಸವೆತಕ್ಕೆ ಜನ ಕ್ಯಾಂಬರನ್ನು ದೂರುತ್ತಾರೆ, ನಿಜವಾದ ಕಾರಣ ಬಹುತೇಕ ಟೋ ಆಗಿರುತ್ತದೆ.

ಹಿಂದೆ ಟ್ವಿಸ್ಟ್ ಬೀಮ್ (ಎರಡೂ ಹಿಂಚಕ್ರಗಳನ್ನು ಜೋಡಿಸುವ ತೊಲೆ) ಇರುವ ಕಾರುಗಳಲ್ಲಿ ಹೊಂದಿಸಲು ತಿರುಪು ಇರುವುದಿಲ್ಲ. ಬೀಮಿಗೂ ಹಬ್ಬಿಗೂ ನಡುವೆ ಶಿಮ್ (ತೆಳು ಬಿಲ್ಲೆ) ಹಾಕಿಯೇ ಸರಿಪಡಿಸಬೇಕು. ಹಿಂದೆ 1.5 ಡಿಗ್ರಿ ನೆಗೆಟಿವ್ ಕ್ಯಾಂಬರ್ ಸಾಕು, ಟೋ ಸೊನ್ನೆ ಅಥವಾ ಕೊಂಚ ಒಳಮುಖ. ಹಿಂದೆ ಟೋ ಔಟ್ ಕೊಟ್ಟರೆ ಕಾರು ಚುರುಕಾಗಿ ತಿರುಗುತ್ತದೆ ಎಂಬುದು ನಿಜ. ಆದರೆ ವೇಗದ ತಿರುವಿನಲ್ಲಿ ಹಿಂಭಾಗ ಕಿತ್ತುಕೊಂಡಾಗ ಅದನ್ನು ಹಿಡಿಯಲು ಪಳಗಿದ ಕೈ ಬೇಕು. ಹೊಸಬರು ಅದಕ್ಕೆ ಹೋಗಬೇಡಿ.

ಅಲೈನ್‌ಮೆಂಟ್ ಮಾಡಿಸುವಾಗ ಚಾಲಕರ ಆಸನದಲ್ಲಿ ನಿಮ್ಮ ತೂಕದಷ್ಟು ಭಾರವಿರಲಿ, ಟ್ಯಾಂಕಿನಲ್ಲಿ ಸ್ಪರ್ಧೆಯ ದಿನ ಇರುವಷ್ಟೇ ಇಂಧನವಿರಲಿ.

ಎತ್ತರ, ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್

ತಗ್ಗಿಸಿದ ಕಾರು ಏಕೆ ಕೆಡುತ್ತದೆ? ಕಾರಿನ ಪಕ್ಕದಲ್ಲಿ ಕೂತು ಮುಂದಿನ ಕೆಳತೋಳನ್ನು ನೋಡಿ. ಅದು ನೆಲಕ್ಕೆ ಸಮಾನಾಂತರವಾಗಿ ಅಥವಾ ಚಕ್ರದ ಕಡೆಗೆ ತುಸು ಇಳಿಜಾರಾಗಿ ಇರಬೇಕು. ಅತಿಯಾಗಿ ತಗ್ಗಿಸಿದಾಗ ತೋಳಿನ ಹೊರತುದಿ ಮೇಲೆದ್ದಿರುತ್ತದೆ. ಆ ಸ್ಥಿತಿಯಲ್ಲಿ ಸಸ್ಪೆನ್ಷನ್ ಕುಗ್ಗಿದಷ್ಟೂ ಕ್ಯಾಂಬರ್ ನಷ್ಟವಾಗುತ್ತದೆ. ಕಾರಿನ ಗುರುತ್ವ ಕೇಂದ್ರ ಇಳಿದದ್ದಕ್ಕಿಂತ ಹೆಚ್ಚಾಗಿ ರೋಲ್ ಸೆಂಟರ್ (ಒಡಲು ವಾಲುವಾಗ ಸುತ್ತುವ ಬಿಂದು) ಇಳಿದುಹೋಗಿ, ಒಡಲನ್ನು ವಾಲಿಸುವ ಸನ್ನೆ ಉದ್ದವಾಗುತ್ತದೆ. ಜೊತೆಗೆ ಉಬ್ಬುತಗ್ಗಿನಲ್ಲಿ ಚಕ್ರ ತಾನಾಗಿಯೇ ತಿರುಗತೊಡಗುತ್ತದೆ. 20ರಿಂದ 25 ಮಿಲಿಮೀಟರ್ ತಗ್ಗಿಸಿದರೆ ಹೆಚ್ಚಿನ ಕಾರುಗಳಿಗೆ ಸಾಕು. ಶಾಕ್ ಅಬ್ಸಾರ್ಬರಿನ ದಂಡಕ್ಕೆ ಒಂದು ಕೇಬಲ್ ಟೈ ಬಿಗಿದು ಓಡಿಸಿ. ಅದು ಎಲ್ಲಿಯವರೆಗೆ ಸರಿದಿದೆ ಎಂದು ನೋಡಿದರೆ ಬಂಪ್ ಸ್ಟಾಪ್ (ಕುಗ್ಗುವಿಕೆಯ ಕೊನೆಯಲ್ಲಿ ತಡೆಯುವ ರಬ್ಬರ್) ತಾಗುತ್ತಿದೆಯೇ ಎಂಬುದು ತಿಳಿಯುತ್ತದೆ. ತಿರುವಿನ ನಡುವೆ ಬಂಪ್ ಸ್ಟಾಪ್ ತಾಗಿದರೆ ಆ ಮೂಲೆ ಒಮ್ಮೆಲೇ ಗಟ್ಟಿಯಾಗಿ ಹಿಡಿತ ತಪ್ಪುತ್ತದೆ.

ಹೊಂದಿಸಬಲ್ಲ ಕಾಯಿಲೋವರ್ (ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್) ಇದ್ದರೆ ತಿರುಪನ್ನು ಪೂರ್ತಿ ಬಿಗಿದು, ಅಲ್ಲಿಂದ ಕ್ಲಿಕ್ ಎಣಿಸುತ್ತ ಮಧ್ಯಕ್ಕೆ ತಂದು ಶುರುಮಾಡಿ. ಸಾಲು ಉಬ್ಬುಗಳ ಮೇಲೆ ಕಾರು ಕುಪ್ಪಳಿಸಿ ಟೈರ್ ನೆಲ ಬಿಡುತ್ತಿದ್ದರೆ ಕುಗ್ಗುವ ಕಡೆಯ ಬಿಗಿ ಹೆಚ್ಚಾಗಿದೆ, ಅಂದರೆ ಬಂಪ್ ಕಡಿಮೆ ಮಾಡಿ. ಉಬ್ಬಿನಿಂದ ಉಬ್ಬಿಗೆ ಕಾರು ಕೆಳಕ್ಕೆ ಕುಸಿಯುತ್ತ ಹೋದರೆ ರೀಬೌಂಡ್, ಅಂದರೆ ಹಿಗ್ಗುವ ಕಡೆಯ ಬಿಗಿ ಹೆಚ್ಚಾಗಿದೆ. ಒಡಲು ತೇಲಿದಂತೆ ತೂಗಾಡಿದರೆ ರೀಬೌಂಡ್ ಸಾಲದು. ಮೇಲೆ ಕೆಳಗೆ ಎರಡನ್ನೂ ಒಂದೇ ತಿರುಪು ಬದಲಿಸುವ ಶಾಕ್ ಅಬ್ಸಾರ್ಬರ್‌ಗಳೂ ಇವೆ. ಅವುಗಳಲ್ಲಿ ತುಸು ಮೃದುವಾದ ಕಡೆಗೇ ನಿಲ್ಲುವುದು ಒಳ್ಳೆಯದು. ಹವ್ಯಾಸಿಗಳ ಕಾರುಗಳು ಸಾಮಾನ್ಯವಾಗಿ ಇರಬೇಕಾದದ್ದಕ್ಕಿಂತ ಗಟ್ಟಿಯಾಗಿಯೇ ಇರುತ್ತವೆ.

ಮುಂಚಕ್ರ ಚಾಲನೆಯ ಕಾರಿನ ಅಂಡರ್‌ಸ್ಟಿಯರ್ (ಮೂತಿ ತಿರುವಿನ ಹೊರಕ್ಕೆ ಜಾರುವುದು) ಕಡಿಮೆ ಮಾಡಲು ಗಟ್ಟಿ ಮಾಡಬೇಕಾದದ್ದು ಹಿಂಭಾಗವನ್ನು. ಹಿಂದಿನ ಆಂಟಿ ರೋಲ್ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ ವಾಲುವಿಕೆ ತಡೆಯುವ ಸರಳು) ಗಟ್ಟಿಯಾದಷ್ಟೂ ವಾಲುವಿಕೆಯನ್ನು ತಡೆಯುವ ಹೊಣೆ ಹಿಂದಕ್ಕೆ ಸರಿದು, ಮುಂದಿನ ಎರಡು ಟೈರುಗಳ ನಡುವೆ ಭಾರ ಹೆಚ್ಚು ಸಮವಾಗಿ ಹಂಚಿಹೋಗುತ್ತದೆ. ತಿರುವಿನಲ್ಲಿ ಒಳಬದಿಯ ಹಿಂಚಕ್ರ ನೆಲ ಬಿಟ್ಟು ಮೇಲೇಳಬಹುದು. 1976ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಗಾಲ್ಫ್ ಜಿಟಿಐಯ ಕಾಲದಿಂದ ಹಾಟ್ ಹ್ಯಾಚ್‌ಗಳ ಚಿತ್ರಗಳಲ್ಲಿ ಕಾಣುವ ಭಂಗಿ ಇದೇ. ಹೆದರಬೇಕಿಲ್ಲ, ಆದರೆ ಚಕ್ರ ಮೇಲೆದ್ದ ನಂತರ ಹಿಂಭಾಗವನ್ನು ಇನ್ನೂ ಗಟ್ಟಿ ಮಾಡಿ ಫಲವಿಲ್ಲ. ತಿರುವಿನ ನಡುವೆ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಹೊರಕ್ಕೆ ಬರುವ ಗುಣವೂ ಇದರಿಂದ ಹೆಚ್ಚುತ್ತದೆ. 1984ರ ಪೂಜೋ 205 ಜಿಟಿಐ ಈ ಗುಣಕ್ಕೇ ಹೆಸರಾಗಿತ್ತು. ಮಳೆಯ ದಿನ ಬಾರನ್ನು ಅದರ ಬಿಗಿ ಕಡಿಮೆ ಮಾಡುವ ರಂಧ್ರಕ್ಕೆ ಬದಲಿಸಿಯೇ ಹೊರಡಿ.

ಪರೀಕ್ಷೆಯ ದಿನ

ಒಂದು ಸಲಕ್ಕೆ ಒಂದೇ ಬದಲಾವಣೆ. ಕ್ಯಾಂಬರೂ ಗಾಳಿಯೂ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತೆಂದು ತಿಳಿಯುವ ದಾರಿಯಿಲ್ಲ. ಬದಲಾವಣೆ ಮೈಗೆ ಗೊತ್ತಾಗುವಷ್ಟು ದೊಡ್ಡದಿರಲಿ. ಒಂದು ಕ್ಲಿಕ್ ಅಲ್ಲ, ನಾಲ್ಕು ಕ್ಲಿಕ್. ಫಲ ಒಳ್ಳೆಯದೆನಿಸಿದರೆ ಮತ್ತೆ ಹಳೆಯ ಸ್ಥಿತಿಗೆ ತಂದು ಓಡಿಸಿ ನೋಡಿ. ಸುತ್ತಿನ ಸಮಯ ಇಳಿದದ್ದು ಕಾರಿನಿಂದಲೋ, ಟ್ರ್ಯಾಕ್ ನಿಮಗೆ ಪರಿಚಯವಾದದ್ದರಿಂದಲೋ ಎಂಬುದು ಆಗ ಸ್ಪಷ್ಟವಾಗುತ್ತದೆ.

ತೊಂದರೆಯನ್ನು ವಿವರಿಸುವಾಗ ತಿರುವನ್ನು ಮೂರು ಭಾಗ ಮಾಡಿ: ಒಳಹೊಗುವುದು, ನಡು, ಹೊರಬರುವುದು. ಒಳಹೊಗುವಾಗ ಮೂತಿ ತಡವಾಗಿ ತಿರುಗಿದರೆ ಟೋ ಮತ್ತು ಶಾಕ್ ಅಬ್ಸಾರ್ಬರ್ ಕಡೆ ನೋಡಿ. ಕಾರು ಒಂದೇ ಸಮನೆ ವಾಲಿ ನಿಂತಿರುವ ನಡುಭಾಗದಲ್ಲಿ ಶಾಕ್ ಅಬ್ಸಾರ್ಬರಿನ ಪಾತ್ರ ಅತ್ಯಲ್ಪ. ಅಲ್ಲಿ ಹೊರಕ್ಕೆ ಜಾರಿದರೆ ಗಾಳಿ, ಕ್ಯಾಂಬರ್, ಹಿಂದಿನ ಬಾರ್ ನೋಡಿ. ಹೊರಬರುವಾಗ ಒಳಬದಿಯ ಮುಂಚಕ್ರ ಸುಮ್ಮನೆ ಗಿರಗಿರ ಸುತ್ತಿದರೆ ಮೊದಲು ಆಕ್ಸಿಲರೇಟರನ್ನು ನಿಧಾನವಾಗಿ ಒತ್ತಿ ನೋಡಿ. ಆಗಲೂ ನಿಲ್ಲದಿದ್ದರೆ ಒಂದೇ ಚಕ್ರ ಸುತ್ತದಂತೆ ಎರಡಕ್ಕೂ ಬಲ ಹಂಚುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಬಗ್ಗೆ ಯೋಚಿಸಬಹುದು.

ಮೊದಲ ಸುತ್ತುಗಳ ನಂತರ, ಚಕ್ರಗಳು ತಣ್ಣಗಾದ ಮೇಲೆ, ಟಾರ್ಕ್ ರೆಂಚಿನಿಂದ ನಟ್‌ಗಳನ್ನು ಕಾರಿನ ಕೈಪಿಡಿಯಲ್ಲಿ ಹೇಳಿದ ಬಿಗಿಗೆ ಮತ್ತೆ ಪರೀಕ್ಷಿಸಿ. ಮನೆಗೆ ಹೊರಡುವ ಮುನ್ನ ಟೈರುಗಳಿಗೆ ರಸ್ತೆಯ ಒತ್ತಡಕ್ಕೆ ಗಾಳಿ ತುಂಬಿಸಿ. ಮುಂದಿನ ಟೈರುಗಳ ಒಳ ಅಂಚಿನಲ್ಲಿ ರಬ್ಬರ್ ಸವೆದು ಅದರೊಳಗಿನ ನೂಲು ಕಾಣುತ್ತಿದೆಯೇ ಎಂದು ಸ್ಟೀರಿಂಗ್ ಪೂರ್ತಿ ತಿರುಗಿಸಿ, ಟಾರ್ಚ್ ಹಿಡಿದು ನೋಡಿ. ಕಂಡರೆ ಆ ಟೈರಿನ ಮೇಲೆ ಮನೆಯವರೆಗೂ ಓಡಿಸಬಾರದು, ಸ್ಟೆಪ್ನಿ ಹಾಕಿಕೊಳ್ಳಿ.